ಮೈಬಣ್ಣದ ಅಂಗಿ

ಬಟ್ಟೆ ಗೊಂಬೆ ಹೊಲಿಯುವ ಗೊಂಬೆಯಕ್ಕ ಅವುಗಳ ಮೈಬಣ್ಣವನ್ನೂ ತಾನೇ ಕುದಿಸಿ ಕಟ್ಟುತ್ತಿದ್ದಳು. ಈ ಸಲ ನಾಟಕದವರಿಗೆ ಬೇಕಾಗಿದ್ದದ್ದು ಬಿಸಿಲುಂಡ ಮೈಯ ಅಂಬಿಗ. ಬರೀ ಟೀ ಸೊಪ್ಪಿನಲ್ಲಿ ಅದ್ದಿದರೆ ಜ್ವರದಿಂದ ಎದ್ದವನಂತೆ ಬಿಳಿಚಿಕೊಂಡ. ಈರುಳ್ಳಿ ಸಿಪ್ಪೆ ಹಾಕಿದರೆ ಕಾಮಾಲೆ ಹಿಡಿಯಿತು. ಎರಡನ್ನೂ ಬೆರೆಸಿ, ಚೂರು ತುಕ್ಕಿನ ನೀರು ಬಿಟ್ಟು ತಿರುವುತ್ತಿದ್ದಾಗ ಹಗ್ಗದ ಮೇಲಿದ್ದ ಗಂಡನ ಬಿಳಿ ಅಂಗಿ ಗಾಳಿಗೆ ಹಾರಿ ಸೀದಾ ಹಂಡೆಗೇ ಬಿತ್ತು.

ಅಂಗಿ ಒಣಗಿದಾಗ ಗಂಡ ಅದನ್ನು ತಿರುವಿ ತಿರುವಿ ನೋಡಿದ. "ನನ್ನ ಬಿಳಿ ಅಂಗಿ ಎಲ್ಲೇ?"

"ಅದೇ ಕಣ್ರೀ ಇದು. ಒಂಚೂರು ಬಣ್ಣ ಕುಡಿದಿದೆ."

ಉಳಿದ ಅಂಗಿಗಳೆಲ್ಲ ಆಗಷ್ಟೇ ಒಗೆದು ಹಾಕಿದ್ದು, ಇನ್ನೂ ಒದ್ದೆ. ಅವನು ಹೋಗಿ ಲೈಬ್ರರಿ ಬಾಗಿಲು ತೆಗೆಯುವ ಹೊತ್ತಾಗಿತ್ತು. ಗೊಣಗುತ್ತಲೇ ತೊಟ್ಟುಕೊಂಡ. ಅಷ್ಟರಲ್ಲಿ ಅತ್ತೆ ನಡುಮನೆಗೆ ಬಂದರು.

"ಲೋ, ಬರೀ ಮೈಯಲ್ಲಿ ಎಲ್ಲಿಗೋ ಹೊರಟೆ? ಮಾನ ಮರ್ಯಾದೆ ಬೇಡ್ವಾ?"

"ಅಂಗಿ ಹಾಕಿದೀನಮ್ಮಾ!"

"ಎಲ್ಲಿದೆಯೋ? ಬರೀ ಗುಂಡಿ ಕಾಣ್ತಿದೆ. ಎದೆಗೇ ಹೊಲಿಸ್ಕೊಂಡ್ಯಾ?"

ಗೊಂಬೆಯಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಿಜ, ಕುತ್ತಿಗೆ ಎಲ್ಲಿ ಮುಗಿಯಿತು, ಕಾಲರ್ ಎಲ್ಲಿ ಶುರುವಾಯಿತು ಎಂದು ಹೇಳಲು ಬರುವಂತಿರಲಿಲ್ಲ. ಇಷ್ಟು ದಿನ ತಿಣುಕಾಡಿದ ಬಣ್ಣ ಗಂಡನ ಮೈಮೇಲೆಯೇ ಓಡಾಡುತ್ತಿತ್ತು!

ಅವನು ಬೀದಿಗಿಳಿದದ್ದೇ ತಡ, ಎದುರುಮನೆ ಕಿಟಕಿ ಪಟಾರನೆ ಮುಚ್ಚಿತು, ಮರುಕ್ಷಣವೇ ಬೆರಳಗಲ ತೆರೆಯಿತು. ಹಾಲಿನವನು ಸೈಕಲ್ಲನ್ನು ಕಂಬಕ್ಕೆ ಗುದ್ದಿದ. ಅವಳು ಬಾಗಿಲಿಗೆ ಒರಗಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ತಿರುವಿನವರೆಗೆ ಹೋದವನು ಓಡೋಡಿ ವಾಪಸು ಬಂದ. ಕಣ್ಣಲ್ಲಿ ನೀರು, ಕೋಪಕ್ಕಲ್ಲ, ನಗುವಿಗೆ.

"ಪೊಲೀಸಿನವನು ಅಡ್ಡ ಹಾಕಿ ತೋಳು ಜಿಗುಟಿದ ಕಣೇ! ಬಟ್ಟೆ ಜಗ್ಗಿ ಬಂತು. ನಾನು ಸುಮ್ನಿದ್ದೆ, ಅವನೇ 'ಅಯ್ಯಯ್ಯೋ' ಅಂದ!"

"ಬೇಗ ಬಿಚ್ಚಿ ಕೊಡ್ರೀ, ನನ್ನ ಅಂಬಿಗನಿಗೆ ಇದೇ ಮೈ," ಎಂದು ಅವಳು ಕತ್ತರಿ ಹಿಡಿದಳು.

"ಅಯ್ಯೋ, ಮಗನ ಚರ್ಮಾನೇ ಸುಲೀತಿದಾಳಲ್ಲಪ್ಪಾ!" ಎಂದರು ಅತ್ತೆ. ಎಂದವರೇ ಮೊದಲು ನಕ್ಕು ನೆಲಕ್ಕೆ ಕುಸಿದದ್ದು.

ಗಂಡ ಬೇರೊಂದು ಒದ್ದೆ ಅಂಗಿಯನ್ನೇ ತೊಟ್ಟು, ನೀರು ತೊಟ್ಟಿಕ್ಕಿಸುತ್ತಾ ಕೆಲಸಕ್ಕೆ ಓಡಿದ. ಆ ಅಂಗಿಯ ಬಟ್ಟೆಯಲ್ಲೇ ಅಂಬಿಗನ ಮುಖ ಹೊಲಿಯಲು ಕೂತ ಗೊಂಬೆಯಕ್ಕ ನಗುತ್ತಲೇ ಇದ್ದಳು. ದಾರ ಸೂಜಿಯ ಕಣ್ಣು ತಪ್ಪಿಸಿಕೊಂಡು ಆಚೀಚೆ ಓಡಾಡುತ್ತಿದ್ದರೆ, ಒಳಕೋಣೆಯಿಂದ ಅತ್ತೆಯ ನಗು ಇನ್ನೂ ಬಿಟ್ಟು ಬಿಟ್ಟು ಕೇಳಿಬರುತ್ತಲೇ ಇತ್ತು.