ಇವತ್ತು ಸ್ಟಾಪಿಲ್ಲ

“ಬ್ರೇಕ್ ಮೇಲೆ ಕಾಲಿಟ್ಟೆ ಅಂದ್ರೆ ಕಾಲು ಮುರೀತೀನಿ, ಬೋಳಿಮಗನೆ. ಇವತ್ತು ಸ್ಟಾಪಿಲ್ಲ, ಗೊತ್ತಾಯ್ತಾ?”

ಡಿಪೋ ಸಾಹೇಬರು ನನ್ನ ಸೀಟಿನ ಹಿಂದೆಯೇ ಕಂಬ ಹಿಡಿದು ನಿಂತಿದ್ದರು. ಅಂದು ನನ್ನ ಬಸ್ಸಿಗೂ ಒಂದು ಕಾರಿಗೂ ಪಂದ್ಯ. ಬಸ್ಸಿಗೆಂದೇ ಬೇರೆ ದಾರಿ ಮಾಡಿ, ಬಸ್ಸು ಹತ್ತಿರ ಬಂದ ಕೂಡಲೇ ಸಿಗ್ನಲ್ ತಾನಾಗಿ ಹಸಿರಾಗುವ ಹಾಗೆ ಏರ್ಪಾಡು ಮಾಡಿದ್ದರು. ಕಾರಿಗಿಂತ ಬಸ್ಸೇ ಬೇಗ ಮುಟ್ಟುತ್ತದೆಂದು ಊರಿಗೆಲ್ಲ ತೋರಿಸಬೇಕಿತ್ತು. ಪಂದ್ಯ ಮುಗಿಯುವ ತನಕ ಉಳಿದ ಬಸ್ಸುಗಳು ಡಿಪೋ ಬಿಡುವಂತಿರಲಿಲ್ಲ. ನನ್ನ ಬಸ್ಸಿನಲ್ಲಿದ್ದವರು ಇಸ್ತ್ರಿ ಅಂಗಿಯ ಏಳೆಂಟು ಮಂದಿ ಮತ್ತು ಕ್ಯಾಮೆರಾದವರು.

ನಮ್ಮ ಮನೆ ಹತ್ತಿರದ ಸ್ಟಾಪಿನಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು. ಬಟ್ಟೆ ಹೊಲಿಯುವ ಕಾರ್ಖಾನೆಯವರು. ಸೈರನ್ ಆದ ಮೇಲೆ ಬಂದವರಿಗೆ ಅಲ್ಲಿ ಗೇಟು ತೆಗೆಯುವುದಿಲ್ಲ. ಎಲ್ಲರಿಗಿಂತ ಮುಂದೆ ನನ್ನ ಹೆಂಡತಿ ಇದ್ದಳು. ನನ್ನನ್ನು ಕಂಡು ನಕ್ಕಳು, ಪಕ್ಕದವಳಿಗೆ ಏನೋ ಹೇಳಿ ಕೈ ಎತ್ತಿದಳು.

ನಾನು ಕತ್ತು ಆಚೆ ತಿರುಗಿಸಿಕೊಂಡು ಹೋಗಿಬಿಟ್ಟೆ. ಅಡ್ಡರಸ್ತೆಯಲ್ಲಿ ಕಾರುಗಳೆಲ್ಲ ನನಗಾಗಿ ನಿಂತಿದ್ದವು. ಹುಟ್ಟಿದಾಗಿನಿಂದ ನನಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ನಾಚಿಕೆಗೆ ಮುಖವೆಲ್ಲ ಉರಿಯುತ್ತಿತ್ತು.

ಗೆದ್ದೆವು. ಸಾಹೇಬರು ನನ್ನ ಬೆನ್ನು ತಟ್ಟಿದರು, ಬೆವರು ಅಂಟಿತೆಂದು ಕೈಯನ್ನು ಸೀಟಿಗೆ ಒರೆಸಿದರು. ಆದರೆ ಪಂದ್ಯ ನೋಡಬೇಕಾದ ದೊಡ್ಡವರು ತಡವಾಗಿ ಬಂದರು. ಅವರ ಕಣ್ಣೆದುರು ಇನ್ನೊಮ್ಮೆ ಗೆಲ್ಲಬೇಕಂತೆ.

ಎರಡನೆಯ ಸಲವೂ ಅದೇ ಸ್ಟಾಪು, ಅದೇ ಹೆಂಗಸರು. ಬಸ್ಸೇ ಇಲ್ಲದೆ ಹೋಗುವುದಾದರೂ ಹೇಗೆ? ನನ್ನ ಹೆಂಡತಿ ಈ ಸಲ ಕೈ ಎತ್ತಲಿಲ್ಲ. ನೆಲ ನೋಡುತ್ತ ಹಿಂದೆ ಸರಿದಳು. ಅದನ್ನು ನೋಡಿ ನನ್ನಿಂದಾಗಲಿಲ್ಲ, ಬ್ರೇಕ್ ಒತ್ತಿ ಬಾಗಿಲು ತೆರೆದೆ.

“ಯಾವನ್ಲೇ ನಿಲ್ಸು ಅಂದಿದ್ದು? ಹಸಿರು ಹೋಗ್ತದೆ ಕಣೋ. ಮಾನ ಕಳೀತೀಯೇನೋ?”

“ನಂದು ಆಗ್ಲೇ ಹೋಯ್ತು ಸಾರ್. ನಿಮ್ದೂ ಸ್ವಲ್ಪ ಹೋಗ್ಲಿ.”

ಹೆಂಗಸರು ಬುತ್ತಿ ಚೀಲ ಹಿಡಿದು ಒಬ್ಬರ ಹಿಂದೊಬ್ಬರು ಹತ್ತಿದರು. ಇಸ್ತ್ರಿ ಅಂಗಿಗಳು ಮೂಲೆಗೆ ಒತ್ತಿಕೊಂಡವು. ಪಂದ್ಯದ ಕಾರು ಪಕ್ಕದಲ್ಲೇ ನುಗ್ಗಿಹೋಯಿತು, ನಮಗೆ ಕೆಂಪು ಬಿತ್ತು.

“ಇಳಿಸೋ ಇವ್ರನ್ನೆಲ್ಲ. ನಾಳೆಯಿಂದ ಡಿಪೋ ಕಡೆ ತಲೆ ಹಾಕ್ಬೇಡ ನೀನು,” ಎಂದರು ಸಾಹೇಬರು.

ಹೆಂಡತಿ ಎಲ್ಲರಿಗಿಂತ ಕೊನೆಗೆ ಹತ್ತಿ ನನ್ನ ಪಕ್ಕ ನಿಂತಳು.

“ನಮ್ಮೆಜಮಾನ್ರು ನಿಲ್ಲಿಸೇ ನಿಲ್ಲಿಸ್ತಾರೆ ಅಂತ ಇವ್ರಿಗೆಲ್ಲ ಹೇಳ್ದೆ. ಗೇಟು ಹಾಕಿ ಆಯ್ತು. ಈಗ ಹತ್ತಿಸ್ಕೊಂಡು ಏನ್ಮಾಡ್ತೀರ?”

ಬಾಗಿಲು ಮುಚ್ಚಿದೆ. ಹಸಿರು ಬಂದಾಗ ಪಂದ್ಯದ ದಾರಿ ಬಿಟ್ಟು ಕಾರ್ಖಾನೆಯ ಕಡೆ ಬಸ್ಸು ತಿರುಗಿಸಿದೆ. ಸಾಹೇಬರು ನನ್ನ ಅಂಗಿ ಹಿಡಿದು ಎಳೆಯುತ್ತಿದ್ದರು, ಕಾಲರು ಹರಿಯಿತು. ಕ್ಯಾಮೆರಾದವನು ಅದನ್ನೂ ಹಿಡಿಯುತ್ತಿದ್ದ.

ಮುಚ್ಚಿದ ಗೇಟಿಗೆ ಬಂಪರ್ ತಾಗುವಷ್ಟು ಹತ್ತಿರ ಹೋಗಿ ನಿಲ್ಲಿಸಿ ಹಾರ್ನ್ ಒತ್ತಿದೆ. ಕಾವಲಿನವನು ಓಡಿ ಬಂದು ಬೈಯತೊಡಗಿದ. ನಾನು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಹೆಂಡತಿ ಗೇಟನ್ನೇ ನೋಡುತ್ತಿದ್ದಳು, ನನ್ನ ಮುಖ ನೋಡಲಿಲ್ಲ.