ಇರುವವನಿಗೆ ಇಟ್ಟ ಎಡೆ

ಸೊಣ್ಣಮ್ಮನ ಗಂಡ ಮನೆ ಬಿಟ್ಟು ಹೋಗಿ ಆರು ವರ್ಷವಾಗಿತ್ತು. ಆದರೂ ಆಷಾಢ ಮುಗಿಯುವ ದಿನ, ಭೀಮನ ಅಮಾವಾಸ್ಯೆಗೆ, ಅವಳು ಉಪವಾಸ ತಪ್ಪಿಸಿದವಳಲ್ಲ. ಕೊಡಿಗೇಹಳ್ಳಿಯ ಹೆಂಗಸರೆಲ್ಲ ಅವತ್ತು ಗಂಡನ ಪಾದ ತೊಳೆದು, ಪೂಜೆ ಮಾಡಿ, ಅವನು ಉಂಡ ಮೇಲೆ ತಾವು ಉಣ್ಣುತ್ತಿದ್ದರು. ಸೊಣ್ಣಮ್ಮನಿಗೆ ತೊಳೆಯಲು ಪಾದಗಳೇ ಇರಲಿಲ್ಲ. ಗಂಡ ಬಿಟ್ಟು ಹೋಗಿದ್ದ ಹಳೇ ಎಕ್ಕಡಗಳನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ಎರಡು ದೀಪ ಹಚ್ಚಿ ಅವುಗಳ ಮುಂದೆ ಕೂರುತ್ತಿದ್ದಳು. ನೋಡಿದವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಗಲಿ ಬಿಡಿ. ಹಾಗೆ ನಕ್ಕವರ ಗಂಡಂದಿರು ಮನೆಯಲ್ಲೇ ಇದ್ದೂ ಆ ಎಕ್ಕಡಗಳಿಗಿಂತ ಹೆಚ್ಚಿನ ಉಪಕಾರಕ್ಕೆ ಬಂದವರೇನಲ್ಲ.

ಅವನು ಹೋದದ್ದು ಅಣ್ಣ ಚಿಕ್ಕಬೈರಪ್ಪನ ಮೇಲಿನ ಸಿಟ್ಟಿನಿಂದ. ಕೆರೆ ಕೆಳಗಿನ ಹೊಲವನ್ನು ಸೈಟುಗಳಿಗೆ ಬಿಟ್ಟುಕೊಡಬೇಕೆಂದು ಅಣ್ಣ, ಕೂಡದೆಂದು ತಮ್ಮ. ಮಾತಿಗೆ ಮಾತು ಬೆಳೆದು, ತಮ್ಮ ಟವೆಲು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಹೊರಟವನು ಗೊರಗುಂಟೆಪಾಳ್ಯದಲ್ಲಿ ಹುಬ್ಬಳ್ಳಿ ಕಡೆಯ ಲಾರಿ ಹತ್ತಿದ್ದನ್ನು ಕಂಡವರಿದ್ದರು. ಆಮೇಲೆ ಸುದ್ದಿಯಿಲ್ಲ. ಸೊಣ್ಣಮ್ಮ ಭಾವ ಮತ್ತು ಓರಗಿತ್ತಿ ಮುನಿಗಂಗಮ್ಮನ ಜೊತೆ ಅದೇ ಮನೆಯಲ್ಲಿ, ತಾಳಿ ಬಳೆ ಹಾಗೇ ಇಟ್ಟುಕೊಂಡು, ದಿನ ನೂಕುತ್ತಿದ್ದಳು.

ಎಮರ್ಜೆನ್ಸಿ ಮುಗಿದ ವರ್ಷದ ಭೀಮನ ಅಮಾವಾಸ್ಯೆಯಂದು ಅವಳು ದೀಪದ ಮುಂದೆ ಕೂತಿದ್ದಾಗ ಚಿಕ್ಕಬೈರಪ್ಪ ಬಂದು ಕಂಬಕ್ಕೆ ಒರಗಿ ನಿಂತ. ಮುಖ ಬಾಡಿತ್ತು.

"ಸೊಣ್ಣಮ್ಮ, ಮೂರು ಅಮಾಸೆಯಿಂದ ಕನಸ್ನಾಗೆ ಬತ್ತಾವ್ನೆ ಕಣವ್ವ. ಬಾಕ್ಲಲ್ಲಿ ನಿಂತ್ಕಂಡು, ಅಣ್ಣ, ನಂಗೂ ಒಂದೆಲೆ ಆಕು ಅಂತಾನೆ. ಈ ಸಲ ಪಿತೃಪಕ್ಷದ ಅಮಾಸೆಗೆ ಅಪ್ಪ, ಅವ್ವ, ತಾತನ ಜೊತೆ ಅವ್ನಿಗೂ ಎಡೆ ಮಡಗ್ಬುಡ್ತೀನಿ."

ಎಡೆ ಇಡುವುದೆಂದರೆ ಸತ್ತನೆಂದು ಒಪ್ಪಿಕೊಂಡ ಹಾಗೆ. ಸೊಣ್ಣಮ್ಮ ದೀಪದ ಬತ್ತಿ ಮುಂದಕ್ಕೆ ತಳ್ಳಿದಳು.

"ಅವ್ರು ಬದುಕವ್ರೆ ಭಾವ," ಎಂದಳು.

"ಬದುಕಿದ್ರೆ ಅಸ್ಕೊಂಡು ನನ್ನ ಕನಸ್ಗೆ ಯಾಕ್ ಬತ್ತಾನೆ?"

ಆ ವರ್ಷ ಅಧಿಕ ಶ್ರಾವಣ ಬಿದ್ದಿತ್ತು. ಶ್ರಾವಣ ಎರಡು ಸಲ ಬಂದು ಹಬ್ಬಗಳೆಲ್ಲ ಒಂದು ತಿಂಗಳು ಮುಂದಕ್ಕೆ ಹೋಗಿದ್ದವು. ಅಧಿಕಮಾಸದಲ್ಲಿ ಮದುವೆ ಮುಂಜಿ ಇಲ್ಲ, ಗೃಹಪ್ರವೇಶವಿಲ್ಲ ಎಂದು ಊರೆಲ್ಲ ಗೊಣಗಿತು. ಸೊಣ್ಣಮ್ಮನಿಗೆ ಮಾತ್ರ ಅದು ದೇವರು ಮೇಲೆ ಹಾಕಿಕೊಟ್ಟ ತಿಂಗಳು. ಇನ್ನೊಂದು ತಿಂಗಳು ಮುತ್ತೈದೆ, ಇನ್ನೊಂದು ತಿಂಗಳು ಅವನು ಬರಲು ಸಮಯ. ಆ ತಿಂಗಳೆಲ್ಲ ಅವಳು ಒಪ್ಪೊತ್ತು ಉಂಡು, ಸಾಯಂಕಾಲ ತೋಪಿನ ತನಕ ಹೋಗಿ ರಸ್ತೆ ನೋಡಿ ಬರುತ್ತಿದ್ದಳು. ಬರುವುದು ಯಲಹಂಕದ ಬಸ್ಸು, ಇಳಿಯುವವರು ಯಾರ್ಯಾರೋ.

ಪಂಚಾಂಗ ನೋಡಿ ಹೇಳುವ ವೆಂಕಟರಾಮಯ್ಯನವರ ಕಿವಿಗೂ ವಿಷಯ ಬಿತ್ತು. ಅವರು ಚಿಕ್ಕಬೈರಪ್ಪನನ್ನು ಕರೆಸಿ, "ಹೋದವರ ಸುದ್ದಿ ಇಲ್ಲದೇ ಇದ್ರೆ ಹನ್ನೆರಡು ವರ್ಷ ಕಾಯ್ಬೇಕಪ್ಪ. ಅಲ್ಲೀವರೆಗೆ ಸತ್ತೋರ ಲೆಕ್ಕಕ್ಕೆ ಸೇರಿಸಬಾರದು," ಎಂದರು.

"ಅದು ನಿಮ್ಮೋರ ಸಾಸ್ತ್ರ ಅಯ್ನೋರೆ. ಅಸ್ಕೊಂಡು ನಿಂತಿರೋನು ನನ್ನ ತಮ್ಮ," ಎಂದು ಅವನು ಎದ್ದು ಬಂದುಬಿಟ್ಟ. ಕೆಟ್ಟವನಲ್ಲ ಚಿಕ್ಕಬೈರಪ್ಪ. ತಾನೇ ಅಟ್ಟಿದ ತಮ್ಮನಿಗೆ ಒಂದು ತುತ್ತು ಹಾಕಬೇಕೆಂಬ ಸಂಕಟ ಅವನದು. ಸಂಕಟದಲ್ಲಿರುವ ಮನುಷ್ಯನಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಅಮಾವಾಸ್ಯೆ ಬಂತು. ಎಡೆ ಇಡುವವರು ಅಂದು ಬೆಳಗಿನಿಂದ ನೀರು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ಮುನಿಗಂಗಮ್ಮ ಹಸಿದ ಹೊಟ್ಟೆಯಲ್ಲೇ ಕಜ್ಜಾಯ ಸುಟ್ಟು, ವಡೆ ಕರಿದು, ಮುದ್ದೆ ತಿರುವಿ, ಕೋಳಿ ಸಾರು ಮಾಡಿದಳು. ಮಧ್ಯಾಹ್ನದ ಬಿಸಿಲಿನ ಹೊತ್ತಿಗೆ ನಡುಮನೆಯಲ್ಲಿ ನಾಲ್ಕು ಎಲೆ ಬಿದ್ದವು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಗಂಡ ಹೆಂಡತಿ ಜಗಲಿಗೆ ಬಂದು ತಲೆಬಾಗಿಲು ಮುಚ್ಚಿದರು. ಹಿರಿಯರು ಉಣ್ಣುವಾಗ ಇರುವವರ ಕಣ್ಣು ಬೀಳಬಾರದು. ಚಿಕ್ಕಬೈರಪ್ಪ ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಒಬ್ಬೊಬ್ಬರ ಹೆಸರು ಹಿಡಿದು ಕರೆದ. ಅಪ್ಪನನ್ನು ಕರೆದ, ಅವ್ವನನ್ನು ಕರೆದ, ತಾತನನ್ನು ಕರೆದ. ಕೊನೆಗೆ ತಮ್ಮನ ಹೆಸರೆತ್ತಿ, "ಮುನಿಆಂಜಿನಪ್ಪ, ಬಾರಪ್ಪ, ಉಣ್ಣು ಬಾ," ಎಂದ.

ಸೊಣ್ಣಮ್ಮ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕೂತು ಕಿವಿ ಮುಚ್ಚಿಕೊಂಡಿದ್ದಳು. ಆದರೂ ಆ ಕರೆ ಕೇಳಿಸಿತು. ಮೆಲುಕು ಹಾಕುತ್ತಿದ್ದ ಹಸು ಬಾಯಿ ನಿಲ್ಲಿಸಿ, ಮನೆಯ ಕಡೆ ಕತ್ತೆತ್ತಿ ನೋಡಿತು.

ಬಾಗಿಲು ತೆಗೆದಾಗ ಮೂರು ಎಲೆಗಳು ಬಡಿಸಿದ್ದು ಬಡಿಸಿದ ಹಾಗೇ ಇದ್ದವು. ನಾಲ್ಕನೆಯ ಎಲೆ ಖಾಲಿ. ಮುದ್ದೆಯಿಲ್ಲ, ಸಾರಿಲ್ಲ, ಕಜ್ಜಾಯದ ಚೂರಿಲ್ಲ. ಬೆರಳಲ್ಲಿ ಬಳಿದು ನೆಕ್ಕಿದ ಗೆರೆಗಳು ಎಲೆಯ ಮೇಲೆ ಹಸಿಯಾಗಿ ಕಾಣುತ್ತಿದ್ದವು. ಚಿಕ್ಕಬೈರಪ್ಪ ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ.

"ಉಂಡ್ಬುಟ್ಟ ಕಣೇ ನನ್ ತಮ್ಮ. ಓಗ್ಬುಟ್ಟವ್ನೆ."

ಸದ್ದು ಕೇಳಿ ಓಡಿಬಂದ ಸೊಣ್ಣಮ್ಮ ಎಲೆಯನ್ನೇ ನೋಡಿದಳು. "ಬೆಕ್ಕು ತಿಂದಿರ್ಬೇಕು ಅಕ್ಕ," ಎಂದಳು.

"ನಮ್ಮ ಬೆಕ್ಕು ಯುಗಾದೀಲೆ ಸತ್ತೋಯ್ತಲ್ಲೇ," ಎಂದ ಮುನಿಗಂಗಮ್ಮ ಅವಳ ಕೈಬಳೆಗಳ ಕಡೆ ನೋಡಿ, ತಕ್ಷಣ ಬೇರೆ ಕಡೆ ತಿರುಗಿದಳು. ನಾಳೆ ಬೆಳಿಗ್ಗೆ ಊರಿನ ಹಿರಿಯ ಹೆಂಗಸರನ್ನು ಕರೆಸುವುದೆಂದಾಯಿತು. ಬಳೆ ಒಡೆಯುವ ಕೆಲಸಕ್ಕೆ ನಮ್ಮಲ್ಲಿ ಜನಕ್ಕೆ ಬರವಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವನು ಬಂದ.

ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ, ಕಂಕುಳಲ್ಲಿ ಒಂದು ಗಂಟಿತ್ತು. ಆದರೆ ಅವನೇ. ದೀಪದ ಬೆಳಕಿಗೆ ಗೋಡೆಯ ಮೇಲೆ ನೆರಳು ಬಿತ್ತು, ಮುಟ್ಟಿದರೆ ಮೈ ಬೆಚ್ಚಗಿತ್ತು. ಚಿಕ್ಕಬೈರಪ್ಪ ಕಂಬದ ಹಿಂದಕ್ಕೆ ಸರಿದು ನಿಂತ. ಸೊಣ್ಣಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತನ್ನ ಆರು ವರ್ಷದ ಉಪವಾಸ ಗೆದ್ದಿತ್ತು. ಎಡೆಯ ಅಡಿಗೆ ಮುಟ್ಟದೆ, ಬೇರೆ ಒಲೆ ಹಚ್ಚಿ ಅನ್ನ ಮಾಡಿ ತಟ್ಟೆ ತಂದಿಟ್ಟಳು.

"ಮದ್ಯಾನ್ನಾನೇ ಉಂಡೆ ಕಣೇ. ಒಟ್ಟೆ ಬಿರಿಯಂಗೈತೆ," ಎಂದ.

"ಎಲ್ಲಿ ಉಂಡೆ?"

"ಅದೇ ಗೊತ್ತಾಗ್ನಿಲ್ಲ. ಮಾಕಳಿ ತಾವ ಲಾರಿ ಕೆಟ್ಟೋಯ್ತು, ನಡ್ಕಂಡ್ ಬತ್ತಿದ್ದೆ. ಬಿಸ್ಲು ಚುರುಗುಟ್ತಿತ್ತು. ಯಾರೋ ಎಸ್ರಿಡ್ದು ಕರ್ದಂಗಾಯ್ತು. ಇದ್ದಕ್ಕಿದ್ದಂಗೆ ಬಾಯ್ತುಂಬ ಕೋಳಿ ಸಾರು. ಆಮೇಲೆ ಕಜ್ಜಾಯ. ಅತ್ಗೆ ಬೆಲ್ಲ ಒಸಿ ಜಾಸ್ತಿನೇ ಆಕವ್ರೆ."

ಒಲೆಯ ಮೇಲಿದ್ದ ಅನ್ನ ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ.

ಮಾರನೆಯ ದಿನವೂ ಅವನಿಗೆ ಅನ್ನ ಇಳಿಯಲಿಲ್ಲ. ತುತ್ತು ಕಟ್ಟುತ್ತಿದ್ದ, ಬಾಯಿಗಿಡುತ್ತಿದ್ದ, ಅದು ಗಂಟಲು ದಾಟದೆ ವಾಪಸ್ಸು ಬರುತ್ತಿತ್ತು. ನೀರು, ತಿಳಿ ಗಂಜಿ, ಅಷ್ಟೇ. ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಏನೂ ತೊಂದರೆಯಿಲ್ಲವೆಂದು ಟಾನಿಕ್ ಬರೆದುಕೊಟ್ಟರು. ವೆಂಕಟರಾಮಯ್ಯನವರು, ಸತ್ತವನೆಂದು ಕ್ರಿಯೆ ಮಾಡಿಸಿಕೊಂಡವನು ಮರಳಿ ಬಂದರೆ ಮತ್ತೆ ಹುಟ್ಟಿಸಬೇಕಾಗುತ್ತದೆ ಎಂದರು. ಅದನ್ನೂ ಮಾಡಿದರು. ನಲವತ್ತರ ಮೀಸೆ ಹೊತ್ತವನ ಮೈಗೆ ತುಪ್ಪ ಸವರಿ, ಮೀಯಿಸಿ, ತೊಟ್ಟಿಲ ಪಕ್ಕ ಕೂರಿಸಿ ಕಿವಿಯಲ್ಲಿ ಹೆಸರು ಹೇಳಿದರು. ಊರ ಹುಡುಗರು ಕಿಟಕಿಗೆ ಜೋತುಬಿದ್ದು ನಕ್ಕರು. ಅವನೂ ನಕ್ಕ. ಆಮೇಲೆ ಬಾಯಿಗಿಟ್ಟ ಸಕ್ಕರೆ ಹಾಲನ್ನು ಮೆಲ್ಲಗೆ ಹಿತ್ತಲಿಗೆ ಹೋಗಿ ಉಗುಳಿದ.

"ಅಸ್ವಿಲ್ವಾ?" ಎಂದು ಸೊಣ್ಣಮ್ಮ ಕೇಳಿದಳು.

"ಅಸ್ವೈತೆ. ಅಸ್ವೊಂದೇ ಇರೋದು."

ಅವಳಿಗೆ ನಿಜವಾದ ಭಯ ಹುಟ್ಟಿದ್ದು ಅಮಾವಾಸ್ಯೆಗಳಲ್ಲಿ. ಬಾಕಿ ದಿನ ಅವನು ಎಲ್ಲರಂತೆ ಮನೆಯೊಳಗೆ ಓಡಾಡಿಕೊಂಡಿರುತ್ತಿದ್ದ, ಹಸುವಿಗೆ ಹುಲ್ಲು ಹಾಕುತ್ತಿದ್ದ, ರೇಡಿಯೋ ಕೇಳುತ್ತಿದ್ದ. ಅಮಾವಾಸ್ಯೆಯ ಮಧ್ಯಾಹ್ನ ಮಾತ್ರ ಎದ್ದು ಹೊರಗೆ ಹೋಗಿ, ತಲೆಬಾಗಿಲ ಮುಂದೆ ನಿಂತುಬಿಡುತ್ತಿದ್ದ. ಬಾಗಿಲು ತೆರೆದೇ ಇದ್ದರೂ ಒಳಗೆ ಬರುತ್ತಿರಲಿಲ್ಲ. ಕೈ ತೊಳೆದುಕೊಂಡು, ಒದ್ದೆ ಕೈಯನ್ನು ಮುಂದೆ ಹಿಡಿದು, ಕರೆಯದ ಮನೆಗೆ ಬಂದ ನೆಂಟನ ಹಾಗೆ ಸಂಕೋಚದಿಂದ ನಿಂತಿರುತ್ತಿದ್ದ. ತಿಥಿ ಕಳೆದ ಮೇಲೆ ತಾನಾಗಿ ಒಳಗೆ ಬಂದು ಮಲಗುತ್ತಿದ್ದ. ಇದನ್ನು ಕಂಡ ಚಿಕ್ಕಬೈರಪ್ಪ ಹೆಂಡತಿಯನ್ನು ಕರೆದುಕೊಂಡು ಯಶವಂತಪುರದ ಮಗಳ ಮನೆಗೆ ಹೋದವನು ತಿರುಗಿ ಬರುವ ಮಾತೇ ಎತ್ತಲಿಲ್ಲ.

ಮತ್ತೆ ಭೀಮನ ಅಮಾವಾಸ್ಯೆ ಬಂದಾಗ ಅವನ ಮೈಯಲ್ಲಿ ಎಲುಬು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಸೊಣ್ಣಮ್ಮ ಬೆಳಿಗ್ಗೆಯೇ ಮಿಂದು, ಬಾಗಿಲಿಗೆ ರಂಗೋಲಿ ಹಾಕಿ, ಉಪವಾಸವಿದ್ದು, ಅವನನ್ನು ಮಣೆಯ ಮೇಲೆ ಕೂರಿಸಿ ಪಾದ ತೊಳೆದಳು. ಎಷ್ಟು ವರ್ಷ ಬೇಡಿದ್ದ ಪಾದಗಳು ಅವು! ಕೈಯಲ್ಲಿ ಹಿಡಿದರೆ ತೂಕವೇ ಇರಲಿಲ್ಲ. ಹೂವಿಟ್ಟು ನಮಸ್ಕಾರ ಮಾಡಿ, ತಟ್ಟೆ ತಂದು ಮುಂದಿಟ್ಟಳು.

"ನೀನ್ ಉಂಡ್ಮೇಲೇ ನಾನು ಉಣ್ಣೋದು ಕಣಯ್ಯ. ಇಲ್ದಿದ್ರೆ ಇವತ್ತು ಇಲ್ಲ, ನಾಳೇನೂ ಇಲ್ಲ. ಇಬ್ರೂ ಇಂಗೇ ಓಗ್ಬುಡೋಣ."

ಅವನು ಪ್ರಯತ್ನಪಟ್ಟ. ಒಂದು ತುತ್ತಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ಉಸಿರು ಸಿಕ್ಕಿಕೊಂಡು ಮುಖ ಕಪ್ಪಿಟ್ಟಿತು. ಅವಳು ಬೆನ್ನು ತಟ್ಟಿ ಅದನ್ನು ಕಕ್ಕಿಸಿದಳು. ಬಿಸಿಲು ಏರಿದಂತೆ ಅವನು ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಹೋದ. ಈ ಸಲ ನಿಲ್ಲಲು ಶಕ್ತಿ ಸಾಲದೆ ಜಗಲಿಯ ಮೇಲೆ ಕುಕ್ಕರಿಸಿದ. ಅವಳು ಹಿಂದೆಯೇ ಹೋದಳು.

"ಕರೀತೀಯಾ, ಸೊಣ್ಣೀ?" ಎಂದು ಕೇಳಿದ.

ಅವನು ಏನು ಕೇಳುತ್ತಿದ್ದಾನೆಂದು ಅವಳಿಗೆ ತಿಳಿಯಿತು. ತಿಳಿಯದ ಹಾಗೆ ನಟಿಸಲು ಮನಸ್ಸು ಬರಲಿಲ್ಲ. "ಕರ್ದ್ರೆ ನೀನ್ ಏನಾಯ್ತೀಯ?"

"ಗೊತ್ತಿಲ್ಲ. ಅಣ್ಣ ಕರ್ದಾಗಿಂದ ನಾನು ಯಾವ್ ಕಡೆಯೋನು ಅಂತ್ಲೇ ಗೊತ್ತಿಲ್ಲ. ಒಟ್ಟೆ ಅಸೀತೈತೆ ಕಣೇ."

ಕರೆಯದಿದ್ದರೆ ಅವಳು ಮುತ್ತೈದೆ, ಅವನು ಹಸಿದವನು. ಕರೆದರೆ ಅವನ ಹೊಟ್ಟೆ ತುಂಬುತ್ತದೆ. ಸೊಣ್ಣಮ್ಮ ಸ್ವಲ್ಪ ಹೊತ್ತು ಅವನ ಪಕ್ಕ ಕೂತು, ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಅತ್ತಳು. ಆಮೇಲೆ ಎದ್ದು ಒಳಗೆ ಹೋಗಿ ಬಾಣಲೆ ಇಟ್ಟಳು. ಅವನು ಜಗಲಿಯ ಮೇಲಿಂದಲೇ ಎಣ್ಣೆಯ ವಾಸನೆ ಹಿಡಿದು, ಕಜ್ಜಾಯ ಒಸಿ ಕೆಂಪಗೆ ಮಾಡು ಎಂದ. ಸಂಸಾರದಲ್ಲಿ ಗಂಡ ಹೇಳುವಂಥ ಮಾತು. ಅಷ್ಟು ಸಹಜವಾಗಿ ಅವನು ಮಾತಾಡಿ ವರ್ಷವಾಗಿತ್ತು.

ನಡುಮನೆಯಲ್ಲಿ ಒಂದೇ ಎಲೆ ಹಾಕಿ ಬಡಿಸಿದಳು. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದಳು. ಹೊರಗೆ ಬಂದು ತಲೆಬಾಗಿಲು ಎಳೆದುಕೊಂಡು, ಅದಕ್ಕೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಜಗಲಿಯಲ್ಲಿ ಅವನು ಉಸಿರಾಡುವುದು ಕೇಳಿಸುತ್ತಿತ್ತು.

ಹೆಸರು ಹಿಡಿದು ಕರೆಯಬೇಕು. ಮದುವೆಯ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು ಬಲವಂತವಾಗಿ ಹೇಳಿಸಿದ್ದು ಬಿಟ್ಟರೆ, ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆಂದು ಅವ್ವ ಹೇಳಿಕೊಟ್ಟಿದ್ದಳು. ನಾಲಿಗೆ ಏಳಲಿಲ್ಲ. ಎರಡು ಸಲ ಬಾಯಿ ತೆರೆದು ಮುಚ್ಚಿದಳು.

"ಮುನಿಆಂಜಿನಪ್ಪ," ಎಂದಳು. "ಬಾರಯ್ಯ. ಉಣ್ಣು ಬಾ."

"ಓ," ಎಂದು ಉತ್ತರ ಬಂತು. ಜಗಲಿಯಿಂದಲ್ಲ, ಮುಚ್ಚಿದ ಬಾಗಿಲ ಒಳಗಿನಿಂದ.

ಬೆನ್ನ ಹಿಂದಿನ ಉಸಿರು ನಿಂತಿತ್ತು. ಸೊಣ್ಣಮ್ಮ ತಿರುಗಿ ನೋಡಲಿಲ್ಲ. ಒಳಗೆ ಎಲೆಯ ಸದ್ದು, ಮುದ್ದೆ ಮುರಿದು ಸಾರಿಗೆ ಅದ್ದುವ ಸದ್ದು, ಗಬಗಬನೆ ನುಂಗುವ ಸದ್ದು. ಇಷ್ಟು ದಿನ ಹಸಿದವನು ಎಷ್ಟು ಹೊತ್ತು ಉಣ್ಣಬಹುದೋ ಅಷ್ಟು ಹೊತ್ತೂ ಅವನು ಉಂಡ. ಅವಳು ಬಾಗಿಲಿಗೆ ಹಣೆಯೊತ್ತಿ, ನಿಧಾನ ಕಣಯ್ಯ, ನಿಧಾನ, ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು.

ಸದ್ದು ನಿಂತ ಮೇಲೆ ತಿರುಗಿದಳು. ಜಗಲಿ ಖಾಲಿಯಾಗಿತ್ತು. ಅಂಗಳದ ರಂಗೋಲಿಯಲ್ಲಿ ಒಂದು ಎಳೆಯೂ ಕದಡಿರಲಿಲ್ಲ. ಬಾಗಿಲು ತೆಗೆದು ಒಳಗೆ ನೋಡಿದಳು. ಎಲೆ ಖಾಲಿಯಾಗಿತ್ತು, ಮನೆಯೂ ಖಾಲಿಯಾಗಿತ್ತು.

ಸೊಣ್ಣಮ್ಮ ಅದೇ ಎಲೆಯ ಮುಂದೆ ಕೂತಳು. ಪಾತ್ರೆಯಲ್ಲಿ ಉಳಿದಿದ್ದ ಮುದ್ದೆಯನ್ನೂ ಸಾರನ್ನೂ ಅದರ ಮೇಲೇ ಬಡಿಸಿಕೊಂಡಳು. ಗಂಡ ಉಂಡಾಗಿತ್ತು. ಇನ್ನು ಅವಳು ಉಣ್ಣಬಹುದಾಗಿತ್ತು.