ಎಲ್ಲರಿಗಿಂತ ಹಿಂದೆ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಆಕೆ ಗಂಡನ ಹೆಬ್ಬೆರಳ ಉಗುರಿನ ಸಂದಿಗೆ ಒತ್ತಿ ಉಜ್ಜಿದಳು. ಗ್ರೀಸಿನ ಕಪ್ಪು ಕದಲಲಿಲ್ಲ. ಬಟ್ಟೆ ಮಡಿಸಿ ಇನ್ನೊಂದು ತುದಿಯಿಂದ ಮತ್ತೆ ಉಜ್ಜಿದಳು.

"ಸಾಕು ಅತ್ತಿಗೆ," ಎಂದಳು ನೀರಿನ ಬೋಗುಣಿ ಹಿಡಿದು ನಿಂತಿದ್ದ ನರ್ಸು. "ಚರ್ಮ ಕಿತ್ತು ಬರುತ್ತೆ."

"ಬಂದ್ರೆ ಅವರಿಗೇನು ನೋವಾಗುತ್ತಾ?"

ನರ್ಸು ಬೋಗುಣಿಯನ್ನು ಇನ್ನಷ್ಟು ಹತ್ತಿರಕ್ಕೆ ತಂದಳು.

"ದಿನಾ ಊಟದ ಹೊತ್ತಿಗೆ ಇದೇ ಜಗಳ. ಕೈ ತೊಳ್ಕೊಂಡ್ರಾ ಅಂತ ನಾನು. ತೊಳೆದೆ ಕಣೇ, ಇದು ಕೊಳೆ ಅಲ್ಲ, ನನ್ನ ಬಣ್ಣಾನೇ ಇದು ಅಂತ ಅವರು." ಆಕೆ ಆ ಕೈಯನ್ನು ಹೊದಿಕೆಯ ಮೇಲಿಟ್ಟು ಇನ್ನೊಂದನ್ನು ಎತ್ತಿಕೊಂಡಳು. "ದೇವರ ಮುಂದೆ ಹೋಗಿ ನಿಲ್ಲೋವಾಗಲಾದ್ರೂ ಕೈ ಶುದ್ಧವಾಗಿರಲಿ."

ಅದು ಸೈಕಲ್ ಅಂಗಡಿಯ ಹಿಂಬದಿಯ ಕೋಣೆ. ಗೋಡೆಯ ಮೊಳೆಗಳಲ್ಲಿ ಹಳೆಯ ಟ್ಯೂಬುಗಳು ನೇತಾಡುತ್ತಿದ್ದವು. ಅಡುಗೆಯ ವಾಸನೆಯೂ ರಬ್ಬರಿನ ವಾಸನೆಯೂ ಅಲ್ಲಿ ಎಷ್ಟೋ ವರ್ಷಗಳಿಂದ ಕೂಡಿ ಬಾಳಿದ್ದವು. ಗಂಡಹೆಂಡತಿ ಕೂತು ಉಣ್ಣುತ್ತಿದ್ದ ಮಂಚದ ಮೇಲೇ ಈಗ ಆತನನ್ನು ಮಲಗಿಸಿದ್ದರು. ಊರಿಗೆಲ್ಲ ಆತ ಸೈಕಲ್ ಅಣ್ಣ. ಮಕ್ಕಳಿಗೂ ಅಣ್ಣ, ಮಕ್ಕಳ ಅಜ್ಜಂದಿರಿಗೂ ಅಣ್ಣ.

ಆಕೆಯ ತಮ್ಮ ಬಾಗಿಲಲ್ಲಿ ಬಂದು ನಿಂತ.

"ಅಕ್ಕ, ವ್ಯಾನು ಬಂತು. ಮತ್ತೆ... ಆ ಭಾನುವಾರದವರೂ ಬಂದಿದ್ದಾರೆ. ಸೈಕಲ್ ಸಮೇತ."

"ಯಾಕಂತೆ?"

"ವ್ಯಾನಿನ ಹಿಂದೆ ಸ್ಮಶಾನದ ತನಕ ಸೈಕಲಲ್ಲೇ ಬರ್ತಾರಂತೆ. ನಿನ್ನ ಅಪ್ಪಣೆ ಕೇಳ್ತಿದ್ದಾರೆ."

"ಬೇಡ ಅನ್ನು."

"ನಾಲ್ಕು ಜನರ ಮುಂದೆ ಹಾಗೆ ಹೇಳೋದು ಹೇಗಕ್ಕ..."

"ಬೇಡ ಅಂದ್ರೆ ಬೇಡ. ಉಸಿರಿದ್ದಾಗ ಒಂದು ಸಲ ತಿರುಗಿ ನೋಡದೇ ಇದ್ದವರು, ಈಗ ಹಿಂದೆ ಬಂದು ಏನು ಮಾಡ್ತಾರೆ? ಮನೆಗೆ ಹೋಗಿ ಟೀ ಕುಡೀಲಿ."

ನರ್ಸು ಬೋಗುಣಿಯನ್ನು ಕೆಳಗಿಟ್ಟಳು. ಆ ಭಾನುವಾರದವರಲ್ಲಿ ಅವಳೂ ಒಬ್ಬಳು.

* * *

ಭಾನುವಾರದ ಸವಾರಿ ಶುರುವಾದದ್ದು ಅಂಗಡಿಯ ಮುಂದಿನ ಕರಿಹಲಗೆಯಿಂದ. ಹೊಸ ಸರಕು ಬಂದ ಸುದ್ದಿಯನ್ನು ಸೈಕಲ್ ಅಣ್ಣ ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದ. ‘ಹೊಸ ಹೆಲ್ಮೆಟ್ ಬಂದಿವೆ. ತಲೆ ಇದ್ದವರು ವಿಚಾರಿಸಿ.’ ‘ಮೆತ್ತನೆ ಸೀಟು ಬಂದಿದೆ. ಕೂತು ನೋಡಿ, ಏಳಲಾರಿರಿ.’ ಒಂದು ಸಲ ಏನು ತೋಚಿತೋ, ಭಾನುವಾರ ಬೆಳಿಗ್ಗೆ ಬನ್ನಿ, ಎಲ್ಲರೂ ಸೇರಿ ಕೆರೆಯ ತನಕ ಹೋಗಿ ಬರೋಣ ಎಂದು ಬರೆದ. ಬರುವುದಿಲ್ಲವೆಂದುಕೊಂಡವರು ಬಂದರು. ಟೈಲರ್ ಬಂದ. ಬ್ಯಾಂಕಿನಲ್ಲಿ ಕೂತು ಕೂತು ಮೈ ಬಂದಿದ್ದ ಗುಮಾಸ್ತ ಬಂದ. ಆತನಿಗೆ ಡುಮ್ಮಣ್ಣ ಎಂಬ ಹೆಸರು ಮೊದಲೇ ಇತ್ತು. ಆಸ್ಪತ್ರೆಯ ಪಾಳಿ ಮುಗಿಸಿ ನರ್ಸು ಹಾಗೇ ಬಂದಳು.

ಆ ಮೊದಲ ದಿನ ಸೈಕಲ್ ಅಣ್ಣ ಎಲ್ಲರಿಗಿಂತ ಮುಂದೆ ಹೋಗಿದ್ದ. ದಾರಿಯಲ್ಲಿ ಟೈಲರನ ಚೈನು ತುಂಡಾಯಿತು. ಯಾರಿಗೂ ತಿಳಿಯಲಿಲ್ಲ. ಆತ ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಮನೆಗೆ ನಡೆದು ಬಂದ. ಮರುದಿನ ವಿಷಯ ಕೇಳಿ ಸೈಕಲ್ ಅಣ್ಣ ತಲೆ ತಗ್ಗಿಸಿದ. ಕರೆದುಕೊಂಡು ಹೋದವನು ನಾನು, ಬಿಟ್ಟು ಬಂದವನೂ ನಾನೇ ಎಂದ. ಮುಂದಿನ ಭಾನುವಾರ ಪಂಪು, ಸ್ಪ್ಯಾನರು, ಪಂಚರ್ ಹಾಕುವ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಹಿಂದೆ ಹೋದ. ಅಲ್ಲಿಂದಾಚೆ ಒಂದು ದಿನವೂ ಮುಂದೆ ಬರಲಿಲ್ಲ.

ಪ್ರತಿ ತಿರುವಿನಲ್ಲೂ ಹಿಂದಿನಿಂದ ಆತನ ಕೂಗು ಕೇಳುತ್ತಿತ್ತು: "ಎಲ್ಲಾ ಇದ್ದಾರೆ, ನಡೀರಿ!" ಅದನ್ನು ಕೇಳಿ ಮುಂದಿನವರು ತುಳಿಯುತ್ತಿದ್ದರು. ತಿರುಗಿ ನೋಡುವ ಕೆಲಸ ಯಾರಿಗೂ ಇರಲಿಲ್ಲ.

"ಎಲ್ಲರ ಹಿಂದೆ ನೀವು," ಎಂದಿದ್ದಳು ಹೆಂಡತಿ ಒಮ್ಮೆ ಊಟ ಬಡಿಸುತ್ತ. "ನಿಮ್ಮ ಹಿಂದೆ ಯಾರು?"

"ಮೇಲಿರೋನು."

"ಮೇಲಿರೋನು ಮೇಲಿರ್ತಾನೆ. ನಾನು ಕೇಳಿದ್ದು ಹಿಂದೆ."

"ಅವನಿಗೆ ಮೇಲೇನು, ಹಿಂದೇನು? ಸಾರು ಹಾಕು."

ಕಳೆದ ಭಾನುವಾರ ಗುಡ್ಡದ ದಾರಿ. ಎದುರುಗಾಳಿ ಜೋರಾಗಿತ್ತು. ಕೊನೆಯ ತಿರುವಿನಲ್ಲಿ ಕೂಗು ಕೇಳಲಿಲ್ಲ. ಗಾಳಿಗೆ ಕೇಳಿಸದಿರಬಹುದು ಎಂದುಕೊಂಡರು. ಗುಡ್ಡದ ಮೇಲಿನ ಟೀ ಅಂಗಡಿಯಲ್ಲಿ ಇಳಿದು, ರೂಢಿಯಂತೆ ತಲೆ ಎಣಿಸಿಕೊಂಡರು. ಲೆಕ್ಕ ಸರಿಯಾಗಿತ್ತು. ಸರಿಯಾಗದೆ ಇರುವುದಕ್ಕೆ ಕಾರಣವೇ ಇರಲಿಲ್ಲ. ಇಷ್ಟು ವರ್ಷ ಎಣಿಸುತ್ತಿದ್ದವನು ಸೈಕಲ್ ಅಣ್ಣ. ಆತ ತನ್ನನ್ನು ಬಿಟ್ಟು ಎಣಿಸುತ್ತಿದ್ದ. ಆ ಸಂಖ್ಯೆಯೇ ಎಲ್ಲರಿಗೂ ಬಾಯಿಪಾಠವಾಗಿ ಹೋಗಿತ್ತು.

ಆತ ಬರದಿದ್ದಾಗ, ದಾರಿಹೋಕರ ಯಾರದೋ ಸೈಕಲ್ ಕೆಟ್ಟಿರಬೇಕು, ಅದನ್ನು ರಿಪೇರಿ ಮಾಡುತ್ತ ನಿಂತಿರಬೇಕು ಎಂದ ಡುಮ್ಮಣ್ಣ. ಎಲ್ಲರೂ ಹೌದೆಂದರು. ಆತನ ಪಾಲಿನ ಟೀಯನ್ನೂ ಹೇಳಿದರು. ಅದರ ಮೇಲೆ ತಟ್ಟೆ ಮುಚ್ಚಿಟ್ಟು ಏನೋ ಮಾತಾಡಿ ನಕ್ಕರು. ಟೀಯ ಮೇಲೆ ಕೆನೆ ಕಟ್ಟಿತು. ಆಮೇಲೆ ನರ್ಸು ಎದ್ದು, ನೋಡಿಕೊಂಡು ಬರುತ್ತೇನೆ ಎಂದು ಸೈಕಲ್ ಏರಿ ಇಳಿಜಾರಿನಲ್ಲಿ ಹೊರಟಳು.

* * *

"ಅವರು ಹೋಗೋದಾದ್ರೆ ನಾನೂ ಹೋಗ್ಬೇಕಲ್ಲ ಅತ್ತಿಗೆ?" ಎಂದಳು ನರ್ಸು. ತಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದ.

"ನೀನು ಇಳಿದು ಹೋದೆ. ನೀನೊಬ್ಬಳಾದ್ರೂ ಹೋದೆ."

"ಟೀ ಕುಡಿದು ಹೋದೆ."

ಬಟ್ಟೆ ಹಿಡಿದ ಕೈ ನಿಂತಿತು. ಆಕೆ ಮೊದಲ ಸಲ ತಲೆಯೆತ್ತಿ ನರ್ಸಿನ ಮುಖ ನೋಡಿದಳು. ಮೂರು ದಿನ ಶವ ಆಸ್ಪತ್ರೆಯಲ್ಲಿತ್ತು, ಬೆಳಿಗ್ಗೆಯಷ್ಟೇ ಮನೆಗೆ ಬಂದಿತ್ತು. ಆಸ್ಪತ್ರೆಯ ಕೆಲಸವನ್ನೆಲ್ಲ ಇವಳೇ ಓಡಾಡಿ ಮುಗಿಸಿದ್ದಳು. ಕೇಳಬೇಕೆಂದುಕೊಂಡದ್ದನ್ನು ಕೇಳುವುದಕ್ಕೆ ಆಕೆಗೆ ಧೈರ್ಯ ಬಂದಿರಲಿಲ್ಲ.

"ಹೇಗಿದ್ರು?"

"ಎದೆ ಹಿಡ್ಕೊಂಡು ರಸ್ತೆ ಪಕ್ಕದ ಕಲ್ಲಿಗೆ ಒರಗಿ ಕೂತಿದ್ರು, ಉಸಿರಿರಲಿಲ್ಲ. ಸೈಕಲನ್ನ ರಸ್ತೆಯಿಂದ ಇಳಿಸಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ರು."

"ಅಷ್ಟು ಮಾಡೋಕೆ ಆಯ್ತು ಅಂದ್ರೆ, ಕೂಗೋಕೂ ಆಗ್ತಿತ್ತು."

"ಹೂಂ."

"ಕೂಗಿದ್ರಾ?"

ಇಲ್ಲ ಎಂದರೆ ಆಕೆಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು. ಕ್ಷಣದಲ್ಲಿ ಹೋಗಿಬಿಟ್ಟರು, ಏನೂ ತಿಳಿಯಲಿಲ್ಲ ಎಂದು ನರ್ಸು ಎಷ್ಟೋ ಮನೆಗಳವರಿಗೆ ಹೇಳಿದ್ದಳು. ಇಲ್ಲಿ ಆ ಮಾತು ಬಾಯಿಗೆ ಬರಲಿಲ್ಲ.

"ಗೊತ್ತಿಲ್ಲ ಅತ್ತಿಗೆ. ಕೂಗಿರಬಹುದು. ಗಾಳಿ ನಮ್ಮ ಕಡೆಯಿಂದ ಅವರ ಕಡೆಗೆ ಬೀಸ್ತಿತ್ತು. ನಾವು ನಕ್ಕಿದ್ದು ಅವರಿಗೆ ಕೇಳಿರುತ್ತೆ. ಅವರು ಕೂಗಿದ್ದು ನಮಗೆ ಕೇಳಿಲ್ಲ."

ತಮ್ಮ ನರ್ಸಿನ ಕಡೆ ತಿರುಗಿದ. "ಈಗ ಆ ಮಾತೆಲ್ಲ ಯಾಕಮ್ಮ? ದೇವರು ಕೊಟ್ಟ ಆಯುಷ್ಯ ಅಷ್ಟೇ..."

"ಸುಮ್ನಿರೋ," ಎಂದಳು ಅಕ್ಕ. "ದೇವರು ಕೊಟ್ಟಿದ್ದನ್ನ ನಾನು ಕೇಳ್ತಿಲ್ಲ."

ಆಕೆ ಸೀಮೆಎಣ್ಣೆಯ ಬಟ್ಟೆಯನ್ನು ಕೆಳಗಿಟ್ಟು, ಗಂಡನ ಕೈಯನ್ನು ನೀರಲ್ಲಿ ತೊಳೆದು ಒರಸಿದಳು. ಕಪ್ಪು ಹಾಗೇ ಉಳಿದಿತ್ತು.

* * *

ಮದುವೆಯಾದ ಹೊಸದರಲ್ಲಿ ಆತ ಹೆಂಡತಿಗೆ ಸೈಕಲ್ ಕಲಿಸಲು ಹೊರಟಿದ್ದ. ಸೈಕಲ್ ಅಂಗಡಿಯವನ ಹೆಂಡತಿಗೆ ಸೈಕಲ್ ಬಾರದಿದ್ದರೆ ಗಿರಾಕಿಗಳು ನಗುತ್ತಾರೆ ಎಂಬುದು ಆತನ ವಾದ. ಶಾಲೆಯ ಬಯಲಿಗೆ ಕರೆದುಕೊಂಡು ಹೋಗಿ, ಸೀಟಿನ ಮೇಲೆ ಕೂರಿಸಿ, ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದ.

"ಬಿಡಬೇಡಿ, ಬಿಡಬೇಡಿ!"

"ಬಿಡಲ್ಲ ಕಣೇ, ತುಳಿ."

ಕಲಿಸುವವರೆಲ್ಲ ಹಾಗೇ ಹೇಳಿ ನಡುವೆ ಎಲ್ಲೋ ಗೊತ್ತಾಗದಂತೆ ಕೈಬಿಡುತ್ತಾರೆ. ಕಲಿಯುವವರು ಒಂದೆರಡು ಸಲ ಮೊಣಕಾಲು ತರಚಿಕೊಂಡು ಕಲಿಯುತ್ತಾರೆ. ಆತ ಬಿಡಲಿಲ್ಲ. ಬಿಡುವುದಿಲ್ಲವೆಂದು ಮಾತು ಕೊಟ್ಟಾಗಿತ್ತು. ಎಷ್ಟೋ ಸಂಜೆ ಆತ ಏದುಸಿರು ಬಿಡುತ್ತ ಬಯಲಿನ ಸುತ್ತ ಓಡಿದ. ಆಕೆ ಒಂದು ಸಲವೂ ಬೀಳಲಿಲ್ಲ. ಹಾಗಾಗಿ ಸೈಕಲ್ಲೂ ಬರಲಿಲ್ಲ.

ಊರಲ್ಲಿ ಎಷ್ಟೋ ಮಕ್ಕಳಿಗೆ ಸೈಕಲ್ ಕಲಿಸಿದ ಮನುಷ್ಯನಿಗೆ ಹೆಂಡತಿಗೆ ಮಾತ್ರ ಕಲಿಸಲಾಗಲಿಲ್ಲ. ಯಾರಾದರೂ ಕೇಳಿದರೆ ಆತ, "ಅವಳಿಗೇನು ಅವಸರ? ಎಲ್ಲಿಗೂ ಹೋಗೋದಿಲ್ಲ," ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಭಾನುವಾರಗಳಲ್ಲಿ ಆಕೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು. ಎಲ್ಲರೂ ಬಂದು, ಇಳಿದು, ನೀರು ಕುಡಿದು ಹರಟುತ್ತಿರುವಾಗ ಎಲ್ಲರಿಗಿಂತ ಕೊನೆಗೆ ಆತ ಬರುತ್ತಿದ್ದ.

* * *

ಬೀದಿಯಲ್ಲಿ ಸೈಕಲುಗಳು ಗೋಡೆಗೆ ಒರಗಿದ್ದವು. ಯಾರೂ ಹೆಲ್ಮೆಟ್ ಹಾಕಿರಲಿಲ್ಲ. ಕೈಯಲ್ಲಿ ಹಿಡಿದು ನಿಂತಿದ್ದರು.

"ಬರಬಾರದಾಗಿತ್ತು," ಎಂದ ಟೈಲರ್. ಆ ದಿನ ಗುಡ್ಡದ ದಾರಿಯಲ್ಲಿ ಸೈಕಲ್ ಅಣ್ಣನಿಗೆ ತೀರ ಹತ್ತಿರ ಮುಂದಿದ್ದವನು ಆತನೇ. "ಯಾವ ಮುಖ ಹೊತ್ಕೊಂಡು ಬಂದ್ವೋ."

"ಬರದೇ ಇದ್ದಿದ್ರೆ ಸರಿ ಇರ್ತಿತ್ತಾ?" ಎಂದ ಡುಮ್ಮಣ್ಣ. ಆತನ ಕಣ್ಣು ಊದಿಕೊಂಡಿತ್ತು. "ಏರಲ್ಲಿ ನಾನು ಉಸಿರು ಕಟ್ಟಿ ನಿಂತಾಗೆಲ್ಲ ಬೆನ್ನ ಹಿಂದೆ ನಿಂತಿರ್ತಿದ್ರು. ಅಣ್ಣ, ನೀವು ಹೋಗಿ, ನಾನು ನಿಧಾನ ಅಂದ್ರೆ, ನೀನು ನಿಧಾನ ಅಲ್ಲಪ್ಪ, ದಾರೀನೇ ಉದ್ದ ಮಾಡ್ಬಿಟ್ಟಿದ್ದಾರೆ ಅನ್ನೋರು."

ಟೈಲರ್ ನಗಲು ಹೋಗಿ ಮುಖ ತಿರುಗಿಸಿದ.

ಆಗ ಆಕೆ ಹೊರಗೆ ಬಂದಳು. ಬೂದು ಬಣ್ಣದ ಶಾಲು ಹೊದ್ದಿದ್ದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರಿಗೂ ಆಕೆ ಎಂದಾದರೊಮ್ಮೆ ಆ ಮೆಟ್ಟಿಲ ಮೇಲೆ ನೀರು ಕೊಟ್ಟವಳೇ.

"ಅತ್ತಿಗೆ..." ಎಂದು ಟೈಲರ್ ಒಂದು ಹೆಜ್ಜೆ ಮುಂದೆ ಬಂದ. "ನಾನು ಒಂದು ಸಲ ತಿರುಗಿದ್ರೆ ಸಾಕಿತ್ತು."

"ಹೌದು, ಸಾಕಿತ್ತು."

ಆತ ಅಲ್ಲೇ ನಿಂತ.

"ನೀವು ಬರೋದು ನನಗಿಷ್ಟ ಇಲ್ಲ," ಎಂದಳು ಆಕೆ. ದನಿ ಏರಲಿಲ್ಲ. "ಸುಳ್ಳು ಯಾಕೆ ಹೇಳಲಿ. ನಿಮ್ಮನ್ನ ನೋಡಿದ್ರೆ ಹೊಟ್ಟೇಲಿ ಬೆಂಕಿ ಬೀಳುತ್ತೆ. ಆದ್ರೆ ಅವರು ಯಾರನ್ನೂ ದಾರೀಲಿ ಬಿಟ್ಟು ಹೋದವರಲ್ಲ. ಇವತ್ತು ನಿಮ್ಮನ್ನ ಇಲ್ಲಿ ಬಿಟ್ಟು ಅವರನ್ನ ಕರ್ಕೊಂಡು ಹೋದ್ರೆ, ಬಿಟ್ಟವಳು ನಾನಾಗ್ತೀನಿ. ಬನ್ನಿ."

ಹೇಳಿ ಒಳಗೆ ಹೋದಳು. ಡುಮ್ಮಣ್ಣ ಹೆಲ್ಮೆಟಿನಿಂದ ಮುಖ ಮುಚ್ಚಿಕೊಂಡ.

* * *

ವ್ಯಾನು ಹೊರಟಿತು. ಆಕೆ ಗಂಡನ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು, ಎದುರಿಗೆ ತಮ್ಮ. ಸ್ಮಶಾನ ಊರ ಹೊರಗೆ. ಬೀದಿ ದಾಟಿದ ಮೇಲೆ ರಸ್ತೆ ನೆಟ್ಟಗಿತ್ತು, ಅಕ್ಕಪಕ್ಕ ಮನೆಗಳಿರಲಿಲ್ಲ. ಆಕೆ ಕಣ್ಣು ಮುಚ್ಚಿ ಪ್ರಾರ್ಥಿಸಲು ನೋಡಿದಳು. ಬಾಯಿಗೆ ಬಂದದ್ದು ಪ್ರಾರ್ಥನೆಯಾಗಿರಲಿಲ್ಲ. ಹಿಂದೆ ನೀನಿದ್ದೆಯಾ? ಆ ಹೊತ್ತಿನಲ್ಲಿ ನೀನಾದರೂ ಹಿಂದೆ ಇದ್ದೆಯಾ?

"ಇವರಿಗೇನು ಬಂತು?" ಎಂದ ತಮ್ಮ, ಹಿಂದಿನ ಗಾಜಿನಲ್ಲಿ ನೋಡುತ್ತ. "ಸ್ಮಶಾನಕ್ಕೆ ಬರೋ ಲಕ್ಷಣವಾ ಇದು?"

ಆಕೆ ತಿರುಗಿ ನೋಡಿದಳು.

ಸೈಕಲುಗಳು ಬಹಳ ಹಿಂದೆ ಉಳಿದಿದ್ದವು. ಟೈಲರ್ ಬ್ರೇಕ್ ಹಿಡಿದು, ಹ್ಯಾಂಡಲನ್ನು ಆ ಕಡೆ ಈ ಕಡೆ ತಿರುಗಿಸುತ್ತ, ನಿಂತಲ್ಲೇ ನಿಲ್ಲಲು ನೋಡುತ್ತಿದ್ದ. ಆತನಿಗಿಂತ ಹಿಂದೆ ಉಳಿಯಲು ಡುಮ್ಮಣ್ಣ ತುಳಿಯುವುದನ್ನೇ ಬಿಟ್ಟಿದ್ದ. ಆತನ ಸೈಕಲ್ ಓಲಾಡಿ ಪಕ್ಕದವನಿಗೆ ತಾಗಿತು. ನರ್ಸು ಒಂದು ಕಾಲು ನೆಲಕ್ಕೆ ಊರಿ ಎಲ್ಲರೂ ಮುಂದೆ ಹೋಗಲೆಂದು ಕಾದಿದ್ದಳು. ಅವಳನ್ನು ಕಂಡು ಮತ್ತೊಬ್ಬರೂ ಕಾಲೂರಿದರು. ಕೊನೆಯ ಜಾಗ ತಮಗಿರಲಿ ಎಂದು ಎಲ್ಲರೂ ಹಟ ಹಿಡಿದಿದ್ದರು. ಶಾಲೆಯ ಮಕ್ಕಳ ನಿಧಾನ ಸೈಕಲ್ ಸ್ಪರ್ಧೆಯಂತಿತ್ತು. ಯಾರ ಮುಖದಲ್ಲೂ ಆಟವಿರಲಿಲ್ಲ.

"ನಡೀರಪ್ಪ, ನೀವು ನಡೀರಿ," ಎಂದು ಡುಮ್ಮಣ್ಣ ಟೈಲರನಿಗೆ ಕೈಮುಗಿಯುತ್ತಿದ್ದುದು ದೂರದಿಂದಲೂ ಕಾಣುತ್ತಿತ್ತು. ಟೈಲರ್ ತಲೆ ಅಲ್ಲಾಡಿಸುತ್ತಿದ್ದ.

ವ್ಯಾನಿಗೂ ಅವರಿಗೂ ನಡುವೆ ರಸ್ತೆ ಬೆಳೆಯುತ್ತಿತ್ತು.

"ನಿಲ್ಲಿಸಿ," ಎಂದಳು ಆಕೆ ಡ್ರೈವರಿಗೆ.

"ದಾರೀಲಿ ನಿಲ್ಲಿಸಬಾರದಮ್ಮ..."

"ನಿಲ್ಲಿಸಪ್ಪ. ಅವರು ಕಾಯ್ತಾರೆ. ಕಾದು ಅಭ್ಯಾಸ ಇದೆ ಅವರಿಗೆ," ಎಂದು ಗಂಡನ ಹೊದಿಕೆ ಸರಿಮಾಡಿದಳು.

ತಮ್ಮ ಅಕ್ಕಾ ಅಕ್ಕಾ ಎನ್ನುತ್ತಿರುವಾಗಲೇ ಆಕೆ ಬಾಗಿಲು ತೆಗೆದು ಇಳಿದಳು. "ನೀನು ಭಾವನ ಹತ್ರ ಕೂತಿರು. ಮೆಲ್ಲಗೆ ಹೋಗೋಕೆ ಹೇಳು," ಎಂದು, ಶಾಲು ಬಿಗಿದುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ಆಕೆ ಬರುವುದನ್ನು ಕಂಡು ಎಲ್ಲರೂ ಸೈಕಲಿನಿಂದ ಇಳಿದರು. ಬೈಗುಳಕ್ಕೆ ಕಾದವನಂತೆ ಟೈಲರ್ ತಲೆ ತಗ್ಗಿಸಿದ. ಆಕೆ ಆತನನ್ನು ದಾಟಿದಳು. ಡುಮ್ಮಣ್ಣನನ್ನು ದಾಟಿದಳು. ನರ್ಸು ಏನೋ ಹೇಳಲು ಬಾಯಿ ತೆರೆದಳು. ಅವಳನ್ನೂ ದಾಟಿ, ಎಲ್ಲರ ಹಿಂದೆ ಹೋಗಿ, ಅವರ ಕಡೆಗೆ ತಿರುಗಿ ನಿಂತಳು.

"ಹತ್ತಿ," ಎಂದಳು. "ಹೊರಡಿ."

"ಅತ್ತಿಗೆ, ನೀವು ನಡ್ಕೊಂಡು..."

"ಹತ್ತಿ ಅಂದೆ."

ಅವರು ಹತ್ತಿದರು. ವ್ಯಾನು ನಡಿಗೆಯ ವೇಗದಲ್ಲಿ ಹೊರಟಿತು. ಸೈಕಲುಗಳು ಓಲಾಡುತ್ತ ಅದರ ಹಿಂದೆ ಹೊರಟವು. ಸ್ವಲ್ಪ ದೂರ ಹೋಗಿ ಟೈಲರ್ ತಿರುಗಿ ನೋಡಿದ. ಆಮೇಲೆ ಡುಮ್ಮಣ್ಣ. ಆಮೇಲೆ ಒಬ್ಬರಾದ ಮೇಲೊಬ್ಬರು, ಹ್ಯಾಂಡಲ್ ಸೊಟ್ಟಗಾಗುವಂತೆ, ತಿರುಗಿ ತಿರುಗಿ ನೋಡತೊಡಗಿದರು.

"ಮುಂದೆ ನೋಡ್ಕೊಂಡು ಹೋಗಿ," ಎಂದು ಆಕೆ ಕೂಗಿದಳು. "ಬಿದ್ದೀರಿ."

ಆದರೂ ಅವರು ತಿರುಗಿ ನೋಡುತ್ತಲೇ ಇದ್ದರು. ಹಳೆಯ ಚಪ್ಪಲಿಯಲ್ಲಿ ಆಕೆ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಆಕೆಯ ಹಿಂದೆ ರಸ್ತೆ ಕಣ್ಣು ಹಾಯುವ ತನಕ ಖಾಲಿಯಾಗಿತ್ತು.